ಯುಕ್ಕಾ ಹೂ ಬಿಡುತ್ತದೆ, ಕಾಯಿ ಯಾಕೆ ಕಟ್ಟುವುದಿಲ್ಲ?

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಮೈಸೂರಿನವರು. ಮನೆಯ ಕಾಂಪೌಂಡ್ ಪಕ್ಕ ಒಂದು ಯುಕ್ಕಾ ಗಿಡ ಇದೆ. ನರ್ಸರಿಯಿಂದ ತಂದು ನೆಟ್ಟದ್ದು, ಈಗ ಆಳೆತ್ತರ ಆಗಿದೆ. ಪ್ರತಿ ವರ್ಷ ದೊಡ್ಡ ಹೂಗೊನೆ ಬಿಡುತ್ತದೆ. ನೂರಾರು ಬಿಳಿ ಹೂ. ನೋಡಲು ಚೆಂದ, ಆದರೆ ಎಲ್ಲವೂ ಉದುರಿ ಹೋಗುತ್ತವೆ. ಇದುವರೆಗೆ ಒಂದೇ ಒಂದು ಕಾಯಿ ಆಗಿಲ್ಲ. ನರ್ಸರಿಯವರು ಪೊಟ್ಯಾಷ್ ಹಾಕಿ ಅಂದರು, ಹಾಕಿದೆವು, ಏನೂ ಆಗಲಿಲ್ಲ. ಅಮೆರಿಕದಲ್ಲಿರುವ ಮಗಳು, ಈ ಗಿಡಕ್ಕೆ ಒಂದೇ ಒಂದು ಜಾತಿಯ ಪತಂಗ ಬೇಕು, ಅದು ಇಂಡಿಯಾದಲ್ಲಿ ಇಲ್ಲ ಅನ್ನುತ್ತಾಳೆ. ನಿಜವೇ? ನಮ್ಮಲ್ಲಿ ಜೇನುನೊಣ ಬೇಕಾದಷ್ಟು ಬರುತ್ತವೆ, ಅವು ಸಾಲದೇ? ಆ ಪತಂಗವನ್ನೇ ತರಿಸಿ ಬಿಡಬಹುದೇ? ನಮ್ಮ ಕಡೆ ಗಿಡಗಳಲ್ಲೂ ಇಂಥ ಜೋಡಿ ಇದೆಯೇ?

ಉತ್ತರ: ನಿಮ್ಮ ಮಗಳು ಹೇಳಿದ್ದು ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲಿನಲ್ಲೇ ಸ್ವಾರಸ್ಯ ಜಾಸ್ತಿ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಪೊಟ್ಯಾಷ್ ನಿಲ್ಲಿಸಿ. ನಿಮ್ಮ ಗಿಡಕ್ಕೆ ರೋಗವೂ ಇಲ್ಲ, ಪೋಷಕಾಂಶದ ಕೊರತೆಯೂ ಇಲ್ಲ. ಪ್ರತಿ ವರ್ಷ ಅಷ್ಟು ದೊಡ್ಡ ಹೂಗೊನೆ ಎತ್ತುವ ಗಿಡ ಗಟ್ಟಿಮುಟ್ಟಾಗಿಯೇ ಇದೆ. ಅದಕ್ಕೆ ಇಲ್ಲದಿರುವುದು ಪರಾಗಸ್ಪರ್ಶ ಮಾಡುವವರು. ಎಷ್ಟು ಗೊಬ್ಬರ ಸುರಿದರೂ ಆ ಕೊರತೆ ತುಂಬುವುದಿಲ್ಲ.

ಯುಕ್ಕಾ ಉತ್ತರ ಮತ್ತು ಮಧ್ಯ ಅಮೆರಿಕದ ಗಿಡ. ಮೆಕ್ಸಿಕೋ ಮತ್ತು ಅಮೆರಿಕದ ಒಣ ಪ್ರದೇಶಗಳಲ್ಲಿ ಇದರ ಜಾತಿಗಳು ಜಾಸ್ತಿ. ಅಲ್ಲಿನ ನ್ಯೂ ಮೆಕ್ಸಿಕೋ ರಾಜ್ಯಕ್ಕೆ ಇದೇ ರಾಜ್ಯಪುಷ್ಪ. ನಮ್ಮ ಹೊಲದ ಬದುಗಳಲ್ಲಿ ಬೆಳೆಯುವ ಕತ್ತಾಳೆಗೆ ಇದು ಹತ್ತಿರದ ನೆಂಟ. ಹೂವಿನ ಹಾರಕ್ಕೆ ಬಳಸುವ ಸುಗಂಧರಾಜವೂ ಇದೇ ಬಳಗದ್ದು, ಅದರ ತವರೂ ಮೆಕ್ಸಿಕೋ. ಮೂರೂ ಗಿಡಗಳು ಕಡಲು ದಾಟಿ ಇಲ್ಲಿಗೆ ಬಂದವು. ಬರುವಾಗ ಯುಕ್ಕಾದ ಪತಂಗ ಅಲ್ಲೇ ಉಳಿಯಿತು.

ಜೇನುನೊಣ ಸಾಲದೇ ಎಂದು ಕೇಳಿದ್ದೀರಿ. ಇದಕ್ಕೆ ಉತ್ತರ ಹೂವಿನೊಳಗೇ ಇದೆ. ಸಂಜೆ ಅರಳಿದ ಒಂದು ಹೂವನ್ನು ಕಿತ್ತು, ದಳಗಳನ್ನು ಬಿಡಿಸಿ ನೋಡಿ. ನಡುವೆ ದಪ್ಪನೆಯ ಹಸಿರು ಕಂಬ ಕಾಣುತ್ತದೆ, ಅದು ಅಂಡಾಶಯ. ಅದರ ತುದಿಯೇ ಶಲಾಕಾಗ್ರ, ಪರಾಗ ಸೇರಬೇಕಾದ ಜಾಗ. ಬಹಳಷ್ಟು ಹೂಗಳಲ್ಲಿ ಈ ತುದಿ ಹೊರಗೆ ಚಾಚಿಕೊಂಡು ಅಂಟಂಟಾಗಿರುತ್ತದೆ. ಯಾರು ತಗುಲಿದರೂ ಸಾಕು, ಪರಾಗ ಹತ್ತಿಕೊಳ್ಳುತ್ತದೆ. ಯುಕ್ಕಾದಲ್ಲಿ ಹಾಗಲ್ಲ. ಇಲ್ಲಿ ತುದಿಯಲ್ಲಿ ಒಂದು ಕುಳಿ ಇದೆ. ಪರಾಗ ಆ ಕುಳಿಯೊಳಗೆ ಇಳಿಯಬೇಕು. ಸುಮ್ಮನೆ ತಗುಲಿದರೆ ಆಗದು, ಯಾರಾದರೂ ಒಳಗೆ ತುರುಕಬೇಕು.

ಇನ್ನು ಸುತ್ತಲಿನ ಆರು ಕೇಸರಗಳನ್ನು ನೋಡಿ. ಅವುಗಳ ದಂಟು ದಪ್ಪಗಿದ್ದು, ಹೊರಕ್ಕೆ ಬಾಗಿವೆ. ಅಂದರೆ ಪರಾಗ ಇರುವ ಜಾಗ ಒಂದು ಕಡೆ, ಅದು ಸೇರಬೇಕಾದ ಜಾಗ ಇನ್ನೊಂದು ಕಡೆ. ಪರಾಗವೂ ಹಿಟ್ಟಿನ ಹಾಗೆ ಉದುರುವುದಿಲ್ಲ, ಅಂಟಾಗಿ ಮುದ್ದೆಗಟ್ಟಿರುತ್ತದೆ. ಗಾಳಿಗೆ ಹಾರದು. ಮಕರಂದವೂ ಹೇಳಿಕೊಳ್ಳುವಷ್ಟು ಇಲ್ಲ. ಜೇನುನೊಣ ಬಂದರೆ ಪರಾಗ ಕೆರೆದುಕೊಂಡು ಹೊರಟುಬಿಡುತ್ತದೆ. ಆ ಕುಳಿಯ ಹತ್ತಿರ ಹೋಗಲು ಅದಕ್ಕೆ ಕಾರಣವೇ ಇಲ್ಲ. ನಿಮ್ಮ ಮನೆಗೆ ಬರುವ ಜೇನುನೊಣಗಳು ಗಿಡದಿಂದ ತೆಗೆದುಕೊಂಡು ಹೋಗುತ್ತಿವೆ, ವಾಪಸು ಏನನ್ನೂ ಕೊಡುತ್ತಿಲ್ಲ.

ಈಗ ಪತಂಗದ ವಿಷಯ. ಟೆಜೆಟಿಕ್ಯುಲಾ ಎಂಬ ಕುಲದ ಪತಂಗಗಳಿವು. ರೆಕ್ಕೆ ಬಿಚ್ಚಿದರೆ ಎರಡು, ಎರಡೂವರೆ ಸೆಂಟಿಮೀಟರ್ ಅಷ್ಟೇ. ಹೆಚ್ಚಿನವುಗಳ ಮುಂದಿನ ರೆಕ್ಕೆ ಅಚ್ಚ ಬಿಳಿ. ಹಗಲಿಡೀ ಬಿಳಿ ಹೂವಿನೊಳಗೆ ಕೂತಿದ್ದರೆ ಪಕ್ಕದಲ್ಲಿ ನಿಂತವರಿಗೂ ಗೊತ್ತಾಗುವುದಿಲ್ಲ. ಗಂಡು ಹೆಣ್ಣು ಸೇರುವುದೂ ಅಲ್ಲೇ. ರೆಕ್ಕೆ ಬಂದ ಮೇಲೆ ಇವುಗಳ ಆಯಸ್ಸು ಕೆಲವೇ ದಿನ. ಆ ದಿನಗಳಲ್ಲಿ ಹೆಣ್ಣು ಮಾಡುವ ಕೆಲಸ ಕೀಟಲೋಕದಲ್ಲೇ ಅಪರೂಪದ್ದು.

ಹೆಣ್ಣಿನ ಬಾಯಿಯ ಎರಡೂ ಪಕ್ಕದಲ್ಲಿ ಎರಡು ಉದ್ದನೆಯ, ಸುರುಳಿ ಸುತ್ತಿಕೊಳ್ಳುವ, ಸಣ್ಣ ಮುಳ್ಳುಗೂದಲಿನ ಅಂಗಗಳಿವೆ. ಗಂಡಿಗೆ ಇವು ಇಲ್ಲ. ಯುಕ್ಕಾ ಪತಂಗಗಳನ್ನು ಬಿಟ್ಟರೆ ಬೇರೆ ಯಾವ ಪತಂಗಕ್ಕೂ, ಚಿಟ್ಟೆಗೂ ಇಲ್ಲ. ಇವನ್ನು ಬಾಯಿಗೈ ಅನ್ನೋಣ. ಹೆಣ್ಣು ಪತಂಗ ಕೇಸರದ ಮೇಲೆ ಹತ್ತಿ, ಬಾಯಿಗೈಗಳಿಂದ ಪರಾಗವನ್ನು ಕೆರೆದು, ಒತ್ತಿ ಉಂಡೆ ಮಾಡುತ್ತದೆ. ಉಂಡೆಯನ್ನು ತಲೆಯ ಕೆಳಗೆ, ಕತ್ತಿನ ಹತ್ತಿರ ಅವಚಿಕೊಳ್ಳುತ್ತದೆ. ಒಂದು ಉಂಡೆಯಲ್ಲಿ ಸಾವಿರಾರು ಪರಾಗ ಕಣಗಳಿರುತ್ತವೆ. ಇದರಲ್ಲಿ ಒಂದು ಕಣವನ್ನೂ ಅದು ತಿನ್ನುವುದಿಲ್ಲ.

ಅಲ್ಲಿಂದ ಹಾರಿ, ಸಾಮಾನ್ಯವಾಗಿ ಬೇರೊಂದು ಗಿಡದ ಹೂವಿಗೆ ಹೋಗುತ್ತದೆ. ಹೋದ ಕೂಡಲೇ ಕೆಲಸ ಶುರು ಮಾಡುವುದಿಲ್ಲ. ಹೂವಿನೊಳಗೆ ಓಡಾಡಿ, ಮೀಸೆಗಳಿಂದ ಮುಟ್ಟಿ ಪರೀಕ್ಷೆ ಮಾಡುತ್ತದೆ. ಹೂ ಹೊಸದೇ, ಹಳಸಿದ್ದೇ? ತನಗಿಂತ ಮುಂಚೆ ಇನ್ನೊಂದು ಹೆಣ್ಣು ಇಲ್ಲಿ ಮೊಟ್ಟೆ ಇಟ್ಟಿದೆಯೇ? ಒಪ್ಪಿಗೆಯಾದರೆ ಎರಡು ಕೇಸರಗಳ ನಡುವೆ ಹಿಂದಕ್ಕೆ ಸರಿದು, ಅಂಡಾಶಯಕ್ಕೆ ಬೆನ್ನು ಕೊಟ್ಟು ನಿಲ್ಲುತ್ತದೆ. ಹೊಟ್ಟೆಯ ತುದಿಯಲ್ಲಿರುವ ಚೂಪಾದ ಮೊಟ್ಟೆನಾಳದಿಂದ ಅಂಡಾಶಯದ ಗೋಡೆಯನ್ನು ಕೊರೆದು ಒಳಗೆ ಮೊಟ್ಟೆ ಇಡುತ್ತದೆ.

ಇಲ್ಲಿಯವರೆಗೆ ವಿಶೇಷವೇನಿಲ್ಲ. ಮರಿಗಳು ಕಾಯಿ ಕೊರೆದು ತಿನ್ನುವ ಕೀಟಗಳು ನಮ್ಮ ಬದನೆ ತೋಟದಲ್ಲೂ ಇವೆ. ಮುಂದಿನದು ಬೇರೆ. ಮೊಟ್ಟೆ ಇಟ್ಟ ಪತಂಗ ಹಾರಿಹೋಗದೆ ಅಂಡಾಶಯದ ತುದಿಗೆ ಹತ್ತುತ್ತದೆ. ಬಾಯಿಗೈ ಬಿಚ್ಚಿ, ಕತ್ತಿನ ಉಂಡೆಯಿಂದ ಸ್ವಲ್ಪ ಪರಾಗ ತೆಗೆದು, ಆ ಕುಳಿಯೊಳಗೆ ತುರುಕುತ್ತದೆ. ತಲೆಯನ್ನು ಮೇಲೆ ಕೆಳಗೆ ಆಡಿಸುತ್ತಾ ಚೆನ್ನಾಗಿ ಒತ್ತುತ್ತದೆ. ಆಮೇಲೆ ಕೆಳಗಿಳಿದು ಇನ್ನೊಂದು ಮೊಟ್ಟೆ ಇಟ್ಟು, ಮತ್ತೆ ಮೇಲೆ ಹತ್ತಿ ಪರಾಗ ತುರುಕುತ್ತದೆ.

ಇದನ್ನು ನಮ್ಮ ಪಪ್ಪಾಯಿಯ ಜೊತೆ ಹೋಲಿಸಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಪಪ್ಪಾಯಿ ಹೂಗಳಿಗೆ ಹಾಕ್‌ಮಾತ್ ಎಂಬ ದೊಡ್ಡ ಪತಂಗಗಳು ಮುಸ್ಸಂಜೆ ಬರುತ್ತವೆ. ಅವು ಬರುವುದು ಮಕರಂದಕ್ಕೆ. ನಾಲಗೆಗೆ ಪರಾಗ ಅಂಟುತ್ತದೆ, ಇನ್ನೊಂದು ಹೂವಿನಲ್ಲಿ ಉಜ್ಜಿಹೋಗುತ್ತದೆ. ಪರಾಗಸ್ಪರ್ಶ ಅಲ್ಲಿ ಆಕಸ್ಮಿಕ. ಮಡಗಾಸ್ಕರ್‌ನ ಉದ್ದನಾಳದ ಆರ್ಕಿಡ್, ಅದಕ್ಕೆ ತಕ್ಕ ಉದ್ದನಾಲಗೆಯ ಪತಂಗ ಎಂದು ಡಾರ್ವಿನ್ ಹೆಸರಿನ ಜೊತೆ ಹೇಳುವ ಕಥೆ ಕೇಳಿರಬಹುದು. ಅಲ್ಲೂ ಕೂಲಿ ಮಕರಂದವೇ. ಯುಕ್ಕಾ ಪತಂಗಕ್ಕೆ ಹೂವಿನಿಂದ ಕುಡಿಯಲು ಏನೂ ಬೇಕಿಲ್ಲ. ಪರಾಗ ಕುಳಿ ಸೇರದಿದ್ದರೆ ಹೂ ಉದುರುತ್ತದೆ, ಹೂ ಉದುರಿದರೆ ಒಳಗಿನ ಮರಿ ಸಾಯುತ್ತದೆ. ಪತಂಗಕ್ಕೆ ಇದೆಲ್ಲ ಲೆಕ್ಕ ಹಾಕುವ ಬುದ್ಧಿ ಇದೆ ಅಂತಲ್ಲ. ಪರಾಗ ತುರುಕಿದ ತಾಯಂದಿರ ಮರಿಗಳೇ ತಲೆಮಾರುಗಳ ಕಾಲ ಉಳಿದುಕೊಂಡು ಬಂದಿವೆ. ಈ ಜೋಡಿ ಶುರುವಾಗಿ ಸುಮಾರು 4 ಕೋಟಿ ವರ್ಷ ಆಗಿರಬಹುದು ಎಂಬುದು ವಂಶವಾಹಿಗಳ ಅಧ್ಯಯನದಿಂದ ಬಂದ ಅಂದಾಜು.

ಇದು ಬೆಳಕಿಗೆ ಬಂದದ್ದು 1872ರಲ್ಲಿ, ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ. ಜಾರ್ಜ್ ಎಂಗಲ್‌ಮನ್ ಅಲ್ಲಿನ ವೈದ್ಯರು, ಸಸ್ಯಶಾಸ್ತ್ರವೂ ಬಲ್ಲವರು. ಯುಕ್ಕಾದ ಹೂ ತಾನಾಗಿ ಕಾಯಿ ಕಟ್ಟುವ ಹಾಗಿಲ್ಲ, ಹೂವಿನೊಳಗೆ ಬಿಳಿ ಪತಂಗಗಳಿವೆ ಎಂದು ಅವರು ಗಮನಿಸಿದರು. ನೋಡಿ ಅಂತ ಚಾರ್ಲ್ಸ್ ರೈಲಿಗೆ ಹೇಳಿದರು. ರೈಲಿ ಆಗ ಮಿಸೌರಿ ರಾಜ್ಯದ ಸರ್ಕಾರಿ ಕೀಟತಜ್ಞ. ರಾತ್ರಿ ಹೂಗಳ ಮುಂದೆ ಕೂತು ಪತಂಗ ಮಾಡುವ ಒಂದೊಂದು ಕೆಲಸವನ್ನೂ ನೋಡಿ ಬರೆದವರು ಅವರು. ಪತಂಗಕ್ಕೆ ಹೆಸರಿಟ್ಟದ್ದೂ ಅವರೇ. 1874ರಲ್ಲಿ ಡಾರ್ವಿನ್ ತಮ್ಮ ಗೆಳೆಯ ಹೂಕರ್‌ಗೆ ಬರೆದ ಪತ್ರದಲ್ಲಿ, ಪರಾಗಸ್ಪರ್ಶದ ಬಗ್ಗೆ ಈವರೆಗೆ ಪ್ರಕಟವಾದದ್ದರಲ್ಲಿ ಇದೇ ಅತ್ಯಂತ ಅದ್ಭುತ ಎಂಬ ಅರ್ಥದ ಮಾತು ಬರೆದರು.

ಎಲ್ಲರೂ ಒಪ್ಪಲಿಲ್ಲ. ನಾವೂ ಯುಕ್ಕಾದ ಮೇಲೆ ಪತಂಗ ಹಿಡಿದೆವು, ಅದಕ್ಕೆ ರೈಲಿ ಹೇಳುವ ಬಾಯಿಗೈಯೇ ಇಲ್ಲ ಎಂದು ಕೆಲವರು ತಗಾದೆ ತೆಗೆದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಅದೇ ಗಿಡದ ಮೇಲೆ, ನೋಡಲು ಹೆಚ್ಚುಕಡಿಮೆ ಅದೇ ಥರದ ಇನ್ನೊಂದು ಪತಂಗ ಇದೆ. ಅದು ಪರಾಗಸ್ಪರ್ಶ ಮಾಡುವುದಿಲ್ಲ, ಮರಿಗಳು ಬೀಜ ತಿನ್ನುವುದೂ ಇಲ್ಲ, ಹೂಗೊನೆಯ ದಂಟನ್ನು ಕೊರೆದು ಬದುಕುತ್ತವೆ. ರೈಲಿ ಅದನ್ನು ಬೇರೆ ಕುಲ ಎಂದು ತೋರಿಸಿ, ಪ್ರೊಡಾಕ್ಸಸ್ ಡೆಸಿಪಿಯೆನ್ಸ್, ಅಂದರೆ ಮೋಸಗೊಳಿಸುವ ಪ್ರೊಡಾಕ್ಸಸ್ ಎಂದು ಹೆಸರಿಟ್ಟರು. ಸಿಟ್ಟು ತೀರಿಸಿಕೊಳ್ಳಲು ಇದಕ್ಕಿಂತ ಸಭ್ಯವಾದ ದಾರಿ ವಿಜ್ಞಾನಿಗಳಿಗೆ ಇಲ್ಲ ಅನ್ನಿಸುತ್ತದೆ.

ಪತ್ರಿಕೆಗಳಲ್ಲಿ ಈ ಜೋಡಿಯ ಬಗ್ಗೆ ಬರೆಯುವಾಗ ಸ್ನೇಹ, ತ್ಯಾಗ ಅಂತೆಲ್ಲ ಬರೆಯುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಇಲ್ಲಿ ನಡೆಯುವುದು ಬಿಗಿಯಾದ ವ್ಯವಹಾರ, ಎರಡೂ ಕಡೆಯವರು ಒಬ್ಬರನ್ನೊಬ್ಬರು ನಂಬುವುದಿಲ್ಲ.

ಮೊಟ್ಟೆಯಿಂದ ಒಂದು ವಾರದ ಆಸುಪಾಸಿನಲ್ಲಿ ಮರಿ ಹೊರಬರುತ್ತದೆ. ಯುಕ್ಕಾದ ಕಾಯಿ ಸೀಳಿದರೆ ಚಪ್ಪಟೆ ಕಪ್ಪು ಬೀಜಗಳು ನಾಣ್ಯ ಪೇರಿಸಿಟ್ಟ ಹಾಗೆ ಸಾಲಾಗಿ ಇರುತ್ತವೆ. ಮರಿಹುಳು ಒಂದು ಸಾಲಿಗೆ ತೂತು ಕೊರೆದು ತಿನ್ನುತ್ತಾ ಸಾಗುತ್ತದೆ. ಕಾಯಿಯಲ್ಲಿ ನೂರಾರು ಬೀಜ ಇರುವುದರಿಂದ ಒಂದೆರಡು ಮರಿ ತಿಂದರೂ ಗಿಡಕ್ಕೆ ಬೇಕಾದಷ್ಟು ಉಳಿಯುತ್ತವೆ. ಹಾಗಾದರೆ ಪತಂಗ ಆಸೆಬುರುಕುತನ ಮಾಡಿ ಒಂದೇ ಹೂವಿನಲ್ಲಿ ಇಪ್ಪತ್ತು ಮೊಟ್ಟೆ ಇಟ್ಟರೆ? ಬೀಜ ಪೂರ್ತಿ ಹುಳದ ಪಾಲು, ಅಲ್ವಾ?

ಗಿಡ ಅದಕ್ಕೆ ಅವಕಾಶ ಕೊಡುವುದಿಲ್ಲ. ಯುಕ್ಕಾ ಬಿಡುವ ಹೂ ನೂರಾರು, ಕಾಯಿಯಾಗಿ ಸಾಕುವ ಶಕ್ತಿ ಇರುವುದು ಕೆಲವಕ್ಕೆ ಮಾತ್ರ. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಆಯ್ಕೆ ಗಿಡದ್ದು. ಅಮೆರಿಕದ ಓಲೆ ಪೆಲ್ಮಿರ್ ಮತ್ತು ಚಾಡ್ ಹಥ್ 1994ರಲ್ಲಿ ಇದನ್ನು ತೋರಿಸಿದರು. ಮೊಟ್ಟೆ ಜಾಸ್ತಿಯಾದ ಹೂಗಳನ್ನೇ ಗಿಡ ಹೆಚ್ಚಾಗಿ ಉದುರಿಸುತ್ತದೆ. ಪರಾಗ ಚೆನ್ನಾಗಿ ಸೇರಿದ, ಮೊಟ್ಟೆ ಕಡಿಮೆ ಇರುವ ಹೂಗಳನ್ನು ಉಳಿಸಿಕೊಳ್ಳುತ್ತದೆ. ಉದುರಿದ ಹೂವಿನೊಳಗಿನ ಮೊಟ್ಟೆಗಳ ಕಥೆ ಅಲ್ಲಿಗೆ ಮುಗಿಯಿತು.

ಹೀಗಾಗಿಯೇ ಪತಂಗ ಹೂವಿನೊಳಗೆ ಅಷ್ಟು ಹೊತ್ತು ಪರೀಕ್ಷೆ ಮಾಡುವುದು. ಮೊಟ್ಟೆ ಇಟ್ಟ ಹೆಣ್ಣು ಹೂವಿನ ಮೇಲೆ ತನ್ನ ವಾಸನೆ ಬಿಟ್ಟು ಹೋಗುತ್ತದೆ. ಆಮೇಲೆ ಬಂದ ಹೆಣ್ಣು ಆ ವಾಸನೆ ಹಿಡಿದು, ಅಲ್ಲಿ ಮೊಟ್ಟೆ ಕಡಿಮೆ ಇಡುತ್ತದೆ ಅಥವಾ ಬೇರೆ ಹೂ ಹುಡುಕುತ್ತದೆ. ತುಂಬಿದ ಹೂವಿನಲ್ಲಿ ಮೊಟ್ಟೆ ಇಟ್ಟರೆ ತನ್ನ ಮರಿಗೇ ನಷ್ಟ.

ಇಷ್ಟು ಬಿಗಿ ಇದ್ದರೂ ಕಳ್ಳರು ನುಸುಳಿದ್ದಾರೆ. ಇದೇ ಟೆಜೆಟಿಕ್ಯುಲಾ ಕುಲದಲ್ಲಿ ಬಾಯಿಗೈಗಳನ್ನು ಕಳೆದುಕೊಂಡ, ಪರಾಗ ಮುಟ್ಟದ ಜಾತಿಗಳಿವೆ. ಇವು ಹೂವಿಗೆ ಬರುವುದಿಲ್ಲ. ಬೇರೆ ಪತಂಗ ಪರಾಗಸ್ಪರ್ಶ ಮಾಡಿ, ಕಾಯಿ ಕಟ್ಟಿದ ಮೇಲೆ ಬಂದು ಕಾಯಿಯಲ್ಲೇ ಮೊಟ್ಟೆ ಇಡುತ್ತವೆ. ಯಾಕೆ ಹೀಗೆ ಕಾಯುತ್ತವೆ? ಗಿಡ ಬೇಡದ ಹೂಗಳನ್ನು ಉದುರಿಸುವುದು ಮೊದಲ ಕೆಲವು ದಿನ ಮಾತ್ರ. ಆ ಗಡುವು ದಾಟಿ ಉಳಿದುಕೊಂಡ ಕಾಯಿಯನ್ನು ಅದು ಬಿಡುವುದಿಲ್ಲ. ಕಳ್ಳ ಪತಂಗ ತಪಾಸಣೆ ಮುಗಿದ ಮೇಲೆ ಒಳಗೆ ಬರುತ್ತದೆ. ಇಂಥ ಕಾಯಿಗಳಲ್ಲಿ ಬೀಜದ ನಷ್ಟ ಜಾಸ್ತಿ. ಕೆಲಸ ಮಾಡುತ್ತಿದ್ದ ಪತಂಗಗಳ ವಂಶದಲ್ಲೇ ಇವು ಹುಟ್ಟಿಕೊಂಡಿವೆ.

ಈಗ ಆ ಉಳಿದ ಕಾಲು ಪಾಲಿಗೆ ಬರೋಣ. ಒಂದು ಗಿಡಕ್ಕೆ ಒಂದೇ ಪತಂಗ ಎನ್ನುವುದು ಪೂರ್ತಿ ಸರಿಯಲ್ಲ. ರೈಲಿ ಹೆಸರಿಟ್ಟ ಟೆಜೆಟಿಕ್ಯುಲಾ ಯುಕ್ಕಾಸೆಲ್ಲಾ ಹಲವು ಜಾತಿಯ ಯುಕ್ಕಾಗಳಿಗೆ ಪರಾಗಸ್ಪರ್ಶ ಮಾಡುತ್ತದೆ. ಬಹಳ ವರ್ಷ ಇದನ್ನು ಒಂದೇ ಜಾತಿ ಎಂದುಕೊಂಡಿದ್ದರು. 1999ರಲ್ಲಿ ಪೆಲ್ಮಿರ್ ಬಿಡಿಸಿ ನೋಡಿದಾಗ ಅದರೊಳಗೆ ಹತ್ತಕ್ಕೂ ಹೆಚ್ಚು ಜಾತಿಗಳಿರುವುದು ಗೊತ್ತಾಯಿತು. ಕೆಲವು ಪತಂಗಗಳು ಒಂದೇ ಯುಕ್ಕಾವನ್ನು ನೆಚ್ಚಿಕೊಂಡಿವೆ, ಕೆಲವು ಅಷ್ಟು ಕಟ್ಟುನಿಟ್ಟಿಲ್ಲ. ಒಂದೇ ಯುಕ್ಕಾಕ್ಕೆ ಎರಡು ಪತಂಗ ಇರುವುದೂ ಉಂಟು.

ಕಟ್ಟುನಿಟ್ಟಿನ ಜೋಡಿ ನೋಡಬೇಕಾದರೆ ಕ್ಯಾಲಿಫೋರ್ನಿಯಾ ಮತ್ತು ನೆವಾಡಾದ ಮೊಹಾವೆ ಮರುಭೂಮಿಗೆ ಹೋಗಬೇಕು. ನಿಮ್ಮ ಮಗಳು ಆ ಕಡೆ ಇದ್ದರೆ ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನದ ಹೆಸರು ಕೇಳಿರುತ್ತಾರೆ. ಜೋಶುವಾ ಮರ ಎಂದರೆ ಮರದಷ್ಟು ಬೆಳೆದ, ಕೊಂಬೆಯೊಡೆದ ಯುಕ್ಕಾ. ಇದರಲ್ಲಿ ಪಶ್ಚಿಮದ್ದು, ಪೂರ್ವದ್ದು ಎಂದು ಎರಡು ಬಗೆ. ಪಶ್ಚಿಮದ ಮರಕ್ಕೆ ಟೆಜೆಟಿಕ್ಯುಲಾ ಸಿಂಥೆಟಿಕಾ, ಪೂರ್ವದ ಮರಕ್ಕೆ ಟೆಜೆಟಿಕ್ಯುಲಾ ಆಂಟಿಥೆಟಿಕಾ. ಪೂರ್ವದ ಪತಂಗ ಗಾತ್ರದಲ್ಲಿ ಚಿಕ್ಕದು. ಇವು ಅಂಡಾಶಯದ ಗೋಡೆ ಕೊರೆಯುವುದಿಲ್ಲ, ಅದರ ತುದಿಯಲ್ಲಿರುವ ಶಲಾಕೆ ಎಂಬ ಕೊಳವೆಯ ಮೂಲಕ ಮೊಟ್ಟೆನಾಳವನ್ನು ಇಳಿಸುತ್ತವೆ. ಪಶ್ಚಿಮದ ಹೂವಿನಲ್ಲಿ ಆ ದಾರಿ ಉದ್ದ, ಪೂರ್ವದ ಹೂವಿನಲ್ಲಿ ಗಿಡ್ಡ. ಪತಂಗದ ಅಳತೆಯೂ ಹೂವಿನ ಅಳತೆಯೂ ತಾಳೆಯಾಗುತ್ತವೆ. ನೆವಾಡಾದ ಟಿಕಾಬೂ ಕಣಿವೆಯಲ್ಲಿ ಎರಡು ಬಗೆಯ ಮರಗಳೂ ಎರಡು ಬಗೆಯ ಪತಂಗಗಳೂ ಒಟ್ಟಿಗೆ ಸಿಗುತ್ತವೆ. ಅದಕ್ಕೇ ಸಂಶೋಧಕರು ಆ ಕಣಿವೆಗೆ ಮತ್ತೆ ಮತ್ತೆ ಹೋಗುತ್ತಾರೆ.

ಈ ಮರಗಳ ಸ್ಥಿತಿ ಈಗ ಚೆನ್ನಾಗಿಲ್ಲ. 2020ರ ಆಗಸ್ಟ್‌ನಲ್ಲಿ ಮೊಹಾವೆಯ ಸೀಮಾ ಡೋಮ್ ಎಂಬಲ್ಲಿ ಸಿಡಿಲಿನಿಂದ ಹೊತ್ತಿದ ಬೆಂಕಿಗೆ 10 ಲಕ್ಷಕ್ಕೂ ಹೆಚ್ಚು ಜೋಶುವಾ ಮರಗಳು ಸುಟ್ಟವು ಎಂದು ಅಂದಾಜಿದೆ. ಬಿಸಿಲು, ಬರ ಹೆಚ್ಚುತ್ತಿರುವುದು ಇನ್ನೊಂದು ಚಿಂತೆ. ಪಶ್ಚಿಮದ ಮರದ ರಕ್ಷಣೆಗೆ ಕ್ಯಾಲಿಫೋರ್ನಿಯಾ 2023ರಲ್ಲಿ ಪ್ರತ್ಯೇಕ ಕಾನೂನನ್ನೇ ತಂದಿತು. ಸಸಿ ನೆಟ್ಟು ಮರ ಬೆಳೆಸಬಹುದು. ಅಲ್ಲಿ ಪತಂಗ ಇಲ್ಲದಿದ್ದರೆ ಬೀಜ ಮಾತ್ರ ಆಗುವುದಿಲ್ಲ.

ಇನ್ನು ಪತಂಗವನ್ನು ತರಿಸಿ ಬಿಡುವ ಮಾತು. ದಯವಿಟ್ಟು ಬೇಡ. ಹೊರದೇಶದ ಜೀವಂತ ಕೀಟವನ್ನು ಅನುಮತಿ ಇಲ್ಲದೆ ತರುವುದು ಕಾನೂನಿಗೆ ವಿರುದ್ಧ. ತಂದರೂ ಬದುಕುವುದು ಕಷ್ಟ. ಮರಿಹುಳು ಬೀಜ ತಿಂದು ಬಲಿತ ಮೇಲೆ ಕಾಯಿ ಕೊರೆದು ಹೊರಬಂದು, ನೆಲಕ್ಕೆ ಬಿದ್ದು, ಮಣ್ಣಿನೊಳಗೆ ಗೂಡು ಕಟ್ಟಿ ಮಲಗುತ್ತದೆ. ಚಳಿಗಾಲ ಕಳೆದು ಯುಕ್ಕಾ ಹೂ ಬಿಡುವ ಸಮಯಕ್ಕೆ ಪತಂಗವಾಗಿ ಏಳುತ್ತದೆ. ಒಂದು ವರ್ಷಕ್ಕೇ ಏಳಬೇಕೆಂದೇನೂ ಇಲ್ಲ, ಕೆಲವು ಹಲವು ವರ್ಷ ಮಲಗಿರುತ್ತವೆ. ಇದೇ ಕುಟುಂಬದ ಪ್ರೊಡಾಕ್ಸಸ್ ಮರಿಗಳನ್ನು ಕ್ಯಾಲಿಫೋರ್ನಿಯಾದ ಜೆರ್ರಿ ಪೊವೆಲ್ ಸಂಗ್ರಹಿಸಿ ಇಟ್ಟುಕೊಂಡಿದ್ದರು. ಅದರಲ್ಲಿ ಕೆಲವು 30 ವರ್ಷಗಳ ನಂತರ ಪತಂಗವಾಗಿ ಹೊರಬಂದವು! ಈ ನಿದ್ದೆ, ಈ ಎಚ್ಚರ ಎಲ್ಲವೂ ಅಲ್ಲಿನ ಚಳಿಗೆ, ಅಲ್ಲಿನ ಹೂವಿನ ಋತುವಿಗೆ ಹೊಂದಿಕೊಂಡದ್ದು. ಮೈಸೂರಿನ ಹವೆಯಲ್ಲಿ, ನಿಮ್ಮ ಒಂದೇ ಗಿಡವನ್ನು ನಂಬಿಕೊಂಡು ಅದು ಸಂಸಾರ ಹೂಡುವುದು ಆಗದ ಮಾತು.

ಕಾಯಿ ನೋಡಲೇಬೇಕು ಅಂದರೆ ಪತಂಗದ ಕೆಲಸವನ್ನು ನೀವೇ ಮಾಡಿ. ಅದಕ್ಕೂ ಮುಂಚೆ ನಿಮ್ಮದು ಯಾವ ಯುಕ್ಕಾ ಎಂದು ನೋಡಿಕೊಳ್ಳಿ. ಎಲೆಯ ಅಂಚಿನಲ್ಲಿ ಸಣ್ಣ ಗರಗಸದ ಹಲ್ಲುಗಳಿದ್ದು, ತುದಿ ಚುಚ್ಚುವ ಮುಳ್ಳಾಗಿದ್ದರೆ ಅದು ಯುಕ್ಕಾ ಅಲೋಯ್‌ಫೋಲಿಯಾ ಇರಬಹುದು. ಈ ಗುಂಪಿನಲ್ಲಿ ಇದೊಂದು ಸ್ವತಂತ್ರ ಜೀವಿ. ಪತಂಗ ಇಲ್ಲದ ದೇಶಗಳಲ್ಲೂ ಕಾಯಿ ಕಟ್ಟುತ್ತದೆ, ಜೇನುನೊಣದಿಂದಲೂ ಇದಕ್ಕೆ ಪರಾಗಸ್ಪರ್ಶ ಆಗುವುದನ್ನು ಅಮೆರಿಕದಲ್ಲಿ ಕಂಡಿದ್ದಾರೆ. ನಿಮ್ಮ ಗಿಡ ಒಂದೂ ಕಾಯಿ ಕೊಟ್ಟಿಲ್ಲ ಅನ್ನುವುದರಿಂದ ಇದಾಗಿರಲಾರದು ಅಂತ ನನ್ನ ಊಹೆ. ಅಂಚು ನುಣುಪಾಗಿದ್ದು ತುದಿ ಮಾತ್ರ ಮುಳ್ಳಾಗಿದ್ದರೆ ಯುಕ್ಕಾ ಗ್ಲೋರಿಯೋಸಾ ಇರಬಹುದು. ಇದು ಅಲೋಯ್‌ಫೋಲಿಯಾ ಮತ್ತು ಫಿಲಮೆಂಟೋಸಾ ಎಂಬ ಎರಡು ಯುಕ್ಕಾಗಳ ಬೆರಕೆಯಿಂದ ಹುಟ್ಟಿದ್ದು. ತವರಿನಲ್ಲೇ ಇದು ಕಾಯಿ ಕಟ್ಟುವುದು ಅಪರೂಪ. ಎಲೆ ಮೆತ್ತಗಿದ್ದು, ತುದಿ ಚುಚ್ಚದೆ, ಕಾಂಡದ ಬುಡ ಊದಿಕೊಂಡಿದ್ದರೆ ಅದು ಕುಂಡಗಳಲ್ಲಿ ಮಾರುವ ದೊಡ್ಡ ಜಾತಿಯ ಯುಕ್ಕಾ.

ಸಂಜೆ ಹೂ ಅರಳಿದ ಮೊದಲ ರಾತ್ರಿಯೇ ಕೈಹಾಕಿ, ತಡವಾದರೆ ಕೆಲಸವಾಗದು. ಒಂದು ಹಲ್ಲುಕಡ್ಡಿ ತಗೊಳ್ಳಿ. ಕೇಸರದ ತುದಿಯ ಹಳದಿ ಪರಾಗವನ್ನು ಕೆರೆದುಕೊಂಡು, ಇನ್ನೊಂದು ಹೂವಿನ ಅಂಡಾಶಯದ ತುದಿಯ ಕುಳಿಯೊಳಗೆ ಮೆಲ್ಲಗೆ ಒತ್ತಿ. ಮೇಲೆ ಸವರಿದರೆ ಸಾಲದು, ಒಳಗೆ ಹೋಗಬೇಕು. ಸಾಧ್ಯವಾದರೆ ಪರಾಗವನ್ನು ಬೇರೆ ಗಿಡದಿಂದ ತನ್ನಿ. ಹೆಚ್ಚಿನ ಯುಕ್ಕಾಗಳು ತಮ್ಮದೇ ಪರಾಗಕ್ಕೆ ಅಷ್ಟಾಗಿ ಕಾಯಿ ಕಟ್ಟುವುದಿಲ್ಲ. ಇಲ್ಲೊಂದು ತೊಡಕಿದೆ. ನರ್ಸರಿಗಳಲ್ಲಿ ಇದನ್ನು ಕಂದು ಕಿತ್ತು ಅಥವಾ ತುಂಡು ನೆಟ್ಟು ಬೆಳೆಸುತ್ತಾರೆ. ಪಕ್ಕದ ಮನೆಯವರೂ ಅದೇ ನರ್ಸರಿಯಿಂದ ತಂದಿದ್ದರೆ ಎರಡೂ ಒಂದೇ ತಾಯಿಗಿಡದ ತುಂಡುಗಳಿರಬಹುದು. ಅಂದರೆ ಎರಡಲ್ಲ, ಒಂದೇ ಗಿಡ. ಬೇರೆ ಊರಿನ, ಬೇರೆ ಮೂಲದ ಗಿಡ ಹುಡುಕಿ. ಪತಂಗ ಇಲ್ಲದ ಯೂರೋಪಿನಲ್ಲೂ ತೋಟಗಾರರು ಬೀಜ ಪಡೆದದ್ದು ಹೀಗೆ ಕೈಯಿಂದಲೇ. ಇಟಲಿಯಲ್ಲಿದ್ದ ಸ್ಪ್ರೆಂಗರ್ ಎಂಬ ಜರ್ಮನ್ ತೋಟಗಾರ ಕೈಪರಾಗಸ್ಪರ್ಶದಿಂದ ಯುಕ್ಕಾದ ಎಷ್ಟೋ ಬೆರಕೆ ತಳಿಗಳನ್ನೇ ಮಾಡಿದ್ದರು.

ನೀವು ಹತ್ತಾರು ಹೂಗಳಿಗೆ ಪರಾಗ ಕೊಟ್ಟರೂ ಬಹುಪಾಲು ಉದುರುತ್ತವೆ. ಅದಕ್ಕೆ ಬೇಜಾರು ಬೇಡ, ಪತಂಗ ಮಾಡಿದರೂ ಅಷ್ಟೇ.

ಕೊನೆಯ ಪ್ರಶ್ನೆ, ನಮ್ಮ ಕಡೆ ಇಂಥ ಜೋಡಿ ಇದೆಯೇ ಎಂಬುದು. ಇದೆ. ಅತ್ತಿಯದು ನಿಮಗೆ ಗೊತ್ತೇ ಇರುತ್ತದೆ. ಅತ್ತಿ ಹಣ್ಣು ಬಿಚ್ಚಿದರೆ ಹುಳ ಎಂದು ನಮ್ಮವರು ಗಾದೆ ಮಾಡಿಟ್ಟರು. ಆ ಹುಳಗಳಲ್ಲೇ ಅತ್ತಿಗೆ ಪರಾಗಸ್ಪರ್ಶ ಮಾಡುವ ಸಣ್ಣ ಕಣಜಗಳೂ ಇವೆ. ಪತಂಗದ್ದೇ ಬೇಕೆಂದರೆ ನೆಲ್ಲಿಕಾಯಿಯ ಕುಟುಂಬಕ್ಕೆ ಹೋಗಬೇಕು. ಆ ಕುಟುಂಬದ ಗ್ಲೋಕಿಡಿಯಾನ್ ಎಂಬ ಮರಗಳು ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲೂ ಇವೆ. ಹೂ ಹಸಿರು, ಸಾಸಿವೆಗಿಂತ ಸ್ವಲ್ಪ ದೊಡ್ಡದು, ಯಾರ ಕಣ್ಣಿಗೂ ಬೀಳುವುದಿಲ್ಲ. 2003ರಲ್ಲಿ ಜಪಾನಿನ ಮಕೋಟೋ ಕಾಟೋ ಮತ್ತು ಅವರ ಜೊತೆಗಾರರು ಅಲ್ಲಿನ ಗ್ಲೋಕಿಡಿಯಾನ್ ಮರಗಳಲ್ಲಿ ಎಪಿಸೆಫಾಲಾ ಎಂಬ ಪುಟ್ಟ ಪತಂಗಗಳು ರಾತ್ರಿ ಇದೇ ಥರ ಬೇಕೆಂದೇ ಪರಾಗಸ್ಪರ್ಶ ಮಾಡುವುದನ್ನು ಕಂಡು ಪ್ರಕಟಿಸಿದರು. ಇವಕ್ಕೆ ಬಾಯಿಗೈ ಇಲ್ಲ. ಹೆಣ್ಣಿನ ನಾಲಗೆಯ ಮೇಲೆ ಸಣ್ಣ ಕೂದಲುಗಳಿವೆ, ಪರಾಗವನ್ನು ಅದರಲ್ಲೇ ಹೊರುತ್ತವೆ. ಗಂಡು ಹೂವಿನಿಂದ ಪರಾಗ ತಂದು, ಹೆಣ್ಣು ಹೂವಿಗೆ ನಾಲಗೆಯಿಂದಲೇ ಹಚ್ಚಿ, ಆಮೇಲೆ ಮೊಟ್ಟೆ ಇಡುತ್ತವೆ. ಮರಿ ಕೆಲವು ಬೀಜ ತಿನ್ನುತ್ತದೆ, ಉಳಿದದ್ದು ಮರಕ್ಕೆ. ಯುಕ್ಕಾಕ್ಕೂ ಇದಕ್ಕೂ ನೆಂಟಸ್ತನವಿಲ್ಲ, ಎರಡು ಪತಂಗಗಳೂ ಬೇರೆ ಬೇರೆ ಕುಟುಂಬದವು. ವ್ಯವಹಾರ ಮಾತ್ರ ಒಂದೇ. ನೆಲ್ಲಿಕಾಯಿ ಕುಟುಂಬದ್ದೇ ಆದ ಬ್ರೇನಿಯಾ ಪೊದೆಗಳಲ್ಲೂ ಇದು ನಡೆಯುತ್ತದೆ. ಬ್ರೇನಿಯಾ ನಮ್ಮ ಕುರುಚಲು ಕಾಡುಗಳಲ್ಲೂ ಇದೆ, ಎಪಿಸೆಫಾಲಾ ಕುಲದ ಪತಂಗಗಳೂ ನಮ್ಮ ದೇಶದಲ್ಲಿವೆ.

ನೋಡುವ ಆಸೆ ಇದ್ದರೆ ಮಲೆನಾಡಿನ ಕಡೆ ಹೋದಾಗ ಗಿಡ ಗೊತ್ತಿರುವವರನ್ನು ಕೇಳಿ ಗ್ಲೋಕಿಡಿಯಾನ್ ಗುರುತಿಸಿಕೊಳ್ಳಿ. ಕಾಯಿಯ ಮೇಲೆ ಸುತ್ತಲೂ ಗೀರುಗೀರಾಗಿ ಹೋಳುಗಳಿರುತ್ತವೆ, ಚಿಕ್ಕ ಕುಂಬಳಕಾಯಿ ಅಂದುಕೊಳ್ಳಿ. ಸಂರಕ್ಷಿತ ಕಾಡಿನಲ್ಲಿ ಕೀಳಬೇಡಿ, ತೋಟದ ಬೇಲಿಯಲ್ಲಿ ಸಿಕ್ಕರೆ ನಾಲ್ಕಾರು ಬಲಿತ ಕಾಯಿ ತಂದು ಗಾಜಿನ ಬಾಟಲಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿಡಿ. ತಳದಲ್ಲಿ ಒಂದೆರಡು ಒಣ ಎಲೆ ಇರಲಿ, ಮರಿಹುಳು ಹೊರಬಂದರೆ ಗೂಡು ಕಟ್ಟಲು ಜಾಗ ಬೇಕಲ್ಲ. ನಸೀಬಿದ್ದರೆ ಅಕ್ಕಿಕಾಳಿನಷ್ಟು ಸಣ್ಣ ಪತಂಗ ಸಿಗುತ್ತದೆ. ಪತಂಗದ ಬದಲು ಕಪ್ಪನೆಯ ಸಣ್ಣ ಕಣಜ ಹೊರಬಂದರೆ ಅದನ್ನೂ ಎಸೆಯಬೇಡಿ, ಫೋಟೋ ತೆಗೆದು ಕಳಿಸಿ. ಅದು ಪತಂಗದ ಮರಿಯನ್ನು ತಿಂದು ಬೆಳೆದದ್ದು.